ಒಂದು ರೊಟ್ಟಿಯ ಮಾತು

ಒಂದು ಊರಿನಲ್ಲಿ ಒಬ್ಬ ರಾಜಕುಮಾರನಿದ್ದ. ಅವನಿಗೆ ರಾಕ್ಷಸನೆಂದರೆ ನಗು, ಹುಲಿಯೆಂದರೆ ಆಟ, ಕತ್ತಲೆಂದರೆ ಹಾಸಿಗೆ. ಈ ಭೂಮಂಡಲದಲ್ಲಿ ಅವನು ಹೆದರುತ್ತಿದ್ದುದು ಬದನೆಕಾಯಿಗೆ ಮಾತ್ರ. ಬದನೆಕಾಯಿಯ ಬೆನ್ನಿಗೆ ಮೆಂತೆ ತಪ್ಪಲ, ಅದರ ಬೆನ್ನಿಗೆ ಮಡಿಕೆ ಕಾಳು, ಕಾಳಿನ ಬೆನ್ನಿಗೆ ಪುಂಡಿಪಲ್ಯ, ಹೀಗೆ ದೊಡ್ಡ ದಂಡೊಂದು ತನ್ನ ಮೇಲೆ ಏರಿ ಬರುತ್ತಿದೆಯೆಂದು ತಿಳಿದು, ರಾಜಕುಮಾರ ಕೋಟೆಯ ಬಾಗಿಲನ್ನು, ಅಂದರೆ ತನ್ನ ಬಾಯನ್ನು, ಗಟ್ಟಿಯಾಗಿ ಮುಚ್ಚಿಕೊಂಡು ಕೂತಿದ್ದ.

ಊರು ದೊಡವಾಡ. ಅರಮನೆ ಎಂದರೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ತಗಡಿನ ಮನೆ. ರಾಜಕುಮಾರನ ಹೆಸರು ಅಪ್ಪು, ಮೂರನೇ ಇಯತ್ತೆ. ಮಹಾರಾಜ ಮಲಕಾಜಪ್ಪನದು ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತಿ ಜೀವ ಬರಿಸುವ ಉದ್ಯೋಗ. ಮಹಾರಾಣಿ ಅನ್ನಪೂರ್ಣಾ ಅಂಗನವಾಡಿಯ ಟೀಚರು. ಊರ ಮಕ್ಕಳಿಗೆಲ್ಲ ತಪ್ಪಲ ತಿನ್ನಿರಿ, ಕಾಳು ತಿನ್ನಿರಿ ಎಂದು ಕೈ ತಟ್ಟಿಸಿ ಹಾಡು ಕಲಿಸುವವಳು ಆಕೆ. ಆಕೆಯ ಮಗ ತಿನ್ನುತ್ತಿದ್ದುದು ಹಾಲು ಸಕ್ಕರೆ ಕಲಸಿದ ಅನ್ನ, ಬಿಸ್ಕೀಟು, ಅಂಗಡಿಯ ಪಾಕೀಟಿನ ಚಿಪ್ಸು. ಇಷ್ಟೇ.

ಇದರಿಂದ ಏನಾಗಬೇಕೋ ಅದು ಆಗಿತ್ತು. ಹುಡುಗನ ಉಗುರು ಸುಣ್ಣ ಬಳಿದಂತೆ ಬೆಳ್ಳಗೆ, ತುಟಿಯ ಮೂಲೆ ಒಡೆದು ಕೆಂಪಗೆ. ಸಾಲೆಯಲ್ಲಿ ಎರಡನೆಯ ತಾಸಿಗೆ ತಲೆ ಬೆಂಚಿನ ಮೇಲೆ. ಮುಂಜಾನೆ ಸಂಡಾಸಿಗೆ ಹೋದನೆಂದರೆ, ಓಣಿಯ ಮಂದಿ ಜಳಕ ಮುಗಿಸಿ, ಪೂಜೆ ಮುಗಿಸಿ, ಚಹಾ ಕುಡಿದು ಕಪ್ಪು ತೊಳೆದಿಟ್ಟರೂ ಹೊರಗೆ ಬರುತ್ತಿರಲಿಲ್ಲ. ಕಡೆಗೆ ಒಂದು ದಿನ ಪ್ರಾರ್ಥನೆಯ ಹೊತ್ತಿಗೆ, ನಾಡಗೀತೆ ಅರ್ಧಕ್ಕೆ ಬಂದಾಗ, ಕೊಯ್ದ ಜೋಳದ ದಂಟಿನಂತೆ ಮೆಲ್ಲಗೆ ನೆಲಕ್ಕೆ ಒರಗಿದ.

ಡಾಕ್ಟರು ಅಪ್ಪುವಿನ ಕಣ್ಣಿನ ರೆಪ್ಪೆ ಜಗ್ಗಿ ನೋಡಿದರು, ಉಗುರು ಒತ್ತಿ ನೋಡಿದರು. “ರಕ್ತ ಕಡಿಮಿ ಐತ್ರಿ. ಔಷಧ ನಾ ಬರದು ಕೊಡ್ತೇನಿ. ಊಟ ಬರದು ಕೊಡಾಕ ಬರಂಗಿಲ್ಲ. ಅದನ್ನ ನೀವ ತಿನ್ನಸಬೇಕು,” ಎಂದರು.

ಸುದ್ದಿ ಅನ್ನಪೂರ್ಣಾಳ ತವರು ಮನೋಳಿಗೆ ಬಸ್ಸಿಗಿಂತ ಮೊದಲು ಮುಟ್ಟಿತು. ಅಂದು ಸಂಜೆಯೇ ಅತ್ತೆ ಇಂದ್ರವ್ವನ ಫೋನು.

“ಅಳಿಯಂದ್ರ, ನಾಳೆ ಅಕ್ಕನ್ನ ಪಂಚಮಿಗೆ ಕರಿಯಾಕ ನಮ್ಮ ಬಾಳುನ್ನ ಕಳಸ್ತೇನಿ. ಅನ್ನಪೂರ್ಣಾ ಹಬ್ಬಾ ಮುಗಿಸಿ ಹೊಳ್ಳಿ ಬರ್ಲಿ. ಹುಡುಗ ಮಾತ್ರ ಇಲ್ಲೇ ಇರ್ಲಿ. ಇಲ್ಲೇ ಸಾಲಿಗೆ ಹಾಕ್ತೇವಿ, ತಿನ್ನಿಸಿ ಬೆಳಸ್ತೇವಿ. ನಿಮಗ ಮೋಟರಿಗೆ ತಂತಿ ಸುತ್ತಾಕ ಬರ್ತೈತಿ. ಮಕ್ಕಳನ್ನ ಸಾಕೂದು ಬ್ಯಾರೆ ಕೆಲಸ.”

ಮಲಕಾಜಪ್ಪನ ಎದೆಯಲ್ಲಿ ಫ್ಯೂಜು ಹಾರಿದಂತಾಯಿತು. ದಿನಾ ಸಂಜೆ ಅಂಗಡಿಯಲ್ಲಿ ಅಪ್ಪು ಅವನ ಪಕ್ಕಕ್ಕೆ ಕೂತು, ಉಳಿದ ತಾಮ್ರದ ತಂತಿಯಿಂದ ಹತ್ತೂ ಬೆರಳಿಗೆ ಉಂಗುರ ಮಾಡಿಕೊಂಡು, “ಈಗ ನಾ ಸಾವ್ಕಾರ, ನೀ ಆಳು,” ಎನ್ನುತ್ತಿದ್ದ. ಆ ಸಾವ್ಕಾರನಿಲ್ಲದ ಅಂಗಡಿಯನ್ನು ನೆನೆಸಿಕೊಳ್ಳಲೂ ಅವನಿಗೆ ಧೈರ್ಯವಾಗಲಿಲ್ಲ. ಧೈರ್ಯವಿಲ್ಲದವನು ಮಾಡುವುದನ್ನೇ ಅವನೂ ಮಾಡಿದ. ದೊಡ್ಡ ಮಾತಾಡಿದ.

“ಅತ್ತಿ, ನಾಳೆ ಬಾಳು ಹೊಳ್ಳಿ ಹೊಂಡೂದ್ರೊಳಗ ಅಪ್ಪುಗ ಒಂದು ಅಖಂಡ ಜ್ವಾಳದ ರೊಟ್ಟಿ, ತಪ್ಪಲ ಪಲ್ಯದ ಜೋಡಿ, ನಾ ತಿನ್ನಸ್ತೇನಿ. ತಿನ್ನಿಸಿದ್ರ ಹುಡುಗ ನನ್ನ ಹಂತ್ಯಾಕ ಇರಬೇಕು. ಆಗಲಿಲ್ಲಂದ್ರ ಕರ್ಕೊಂಡು ಹೋಗ್ರಿ, ನಾ ಒಂದ್ ಮಾತು ಅನ್ನಂಗಿಲ್ಲ.”

“ಬಾಳು ಕಣ್ಣಾರೆ ನೋಡಬೇಕು ಮತ್ತ,” ಎಂದಳು ಇಂದ್ರವ್ವ. “ಫೋಟೋ ಗೀಟೋ ನಡಿಯಂಗಿಲ್ಲ.”

ಮರುದಿನ ರೊಟ್ಟಿ ಹಬ್ಬ. ನಾಗರ ಪಂಚಮಿಯ ಮುಂಚೆ ಬರುವ ಈ ಹಬ್ಬದಲ್ಲಿ ಆ ಕಡೆಯ ಹೆಣ್ಣುಮಕ್ಕಳು ನಸುಕಿನಲ್ಲೇ ಎದ್ದು ರಾಶಿ ರೊಟ್ಟಿ ಬಡಿದು, ಪಲ್ಯ, ಶೇಂಗಾ ಹಿಂಡಿ ಹಚ್ಚಿ, ಓಣಿಯ ಮನೆಮನೆಗೂ ಬೀರುತ್ತಾರೆ. ಇವರ ರೊಟ್ಟಿ ಅವರ ಮನೆಗೆ, ಅವರ ರೊಟ್ಟಿ ಇವರ ಮನೆಗೆ. ತಮ್ಮ ಮನೆಯ ರೊಟ್ಟಿಯನ್ನು ತಾವೇ ತಿಂದು ಮುಗಿಸುವವರು ಆ ದಿನ ಯಾರೂ ಇರುವುದಿಲ್ಲ. ಅಂಥ ದಿನವೇ ಅನ್ನಪೂರ್ಣಾಗೆ ಬೈಲಹೊಂಗಲದಲ್ಲಿ ಮೀಟಿಂಗು. ವಿಷಯ, ಮಕ್ಕಳಿಗೆ ಪೌಷ್ಟಿಕ ಆಹಾರ ತಿನ್ನಿಸುವುದು ಹೇಗೆ.

“ರೀ, ರೊಟ್ಟಿ ಬುಟ್ಟ್ಯಾಗ ಅದಾವು, ಮೆಂತೆಪಲ್ಯ ಬೋಗಾಣ್ಯಾಗ. ಅಪ್ಪುನ ಕೈಲೆ ಓಣಿಗೆ ಬೀರಸ್ರಿ. ಒಂದು ರೊಟ್ಟಿ ಅವನ ಸಲುವಾಗಿ ತಗದು ಇಟ್ಟೇನಿ,” ಎಂದು ಸೆರಗು ಸಿಕ್ಕಿಸಿಕೊಂಡು ಹೊರಟವಳು ಬಾಗಿಲಲ್ಲಿ ನಿಂತು ಮಗನ ಮುಖ ನೋಡಿದಳು. “ತಿನ್ನೋ ನನ್ನಪ್ಪಾ. ಮೆಂತೆದಾಗ ಕಬ್ಬಿಣ ಇರತೈತಿ.”

“ಕಬ್ಬಿಣಾ ಅಂಗಡ್ಯಾಗ ಬೇಕಾದಷ್ಟು ಐತಲ್ಲ,” ಎಂದ ಅಪ್ಪು. ಬಸ್ಸು ಹಾರ್ನ್ ಹೊಡೆಯಿತು.

ಮಲಕಾಜಪ್ಪ ಅಂಗಡಿಗೆ ಕೀಲಿ ಜಡಿದು ಬಂದು, ತೋಳು ಮಡಚಿ, ಮಗನ ಮುಂದೆ ತಾಟು ಇಟ್ಟ. ಮಗ ತಾಟನ್ನು ನೋಡಿದ. ತಂದೆ ಮಗನ ಬಾಯಿ ನೋಡಿದ. ಅಪ್ಪು ಒಂದು ಬೆರಳಿನಿಂದ ಪಲ್ಯದೊಳಗಿನ ಒಂದೊಂದೇ ಎಲೆ ಎತ್ತಿ ತಾಟಿನ ಅಂಚಿಗೆ ಸಾಲಾಗಿ ಮಲಗಿಸತೊಡಗಿದ, ಅಪಘಾತದ ಜಾಗದಲ್ಲಿ ಪಂಚನಾಮೆ ಮಾಡುವ ಪೋಲೀಸನ ಹಾಗೆ.

“ಇದು ವಿಮಾನ ನೋಡ, ಬಂತು, ಬಂತು…” ಮಲಕಾಜಪ್ಪ ತುತ್ತನ್ನು ಗಾಳಿಯಲ್ಲಿ ಹಾರಿಸಿದ.

“ಯಪ್ಪಾ, ನಾ ಈಗ ಮೂರನೇತ್ತಿ,” ಎಂದ ಮಗ ಬೇಸರದಿಂದ. ಬಾಗಿಲು ಮುಚ್ಚಿತು. ವಿಮಾನ ಇಳಿಯಲು ಜಾಗವಿಲ್ಲದೆ ಮಲಕಾಜಪ್ಪನ ಅಂಗಿಯ ಮೇಲೆ ಬಿತ್ತು.

ಪಕ್ಕದ ಗೋಡೆಯ ಮೇಲೆ ಒಂದು ತಲೆ ಮೂಡಿತು. ಅದು ಕೆಂಚವ್ವನದು. ಓಣಿಯ ಯಾವ ಮನೆಯಲ್ಲಿ ಸಾರಿಗೆ ಒಗ್ಗರಣೆ ಸೀದರೂ ಮೊದಲು ಸೀನುವವಳು ಅವಳೇ.

“ಏ ಮಲಕಾಜ್ಯಾ, ತುತ್ತು ಹಾರಿಸಿದ್ರ ಏನ್ ಬಂತೋ? ಹುಡುಗಗ ದೃಷ್ಟಿ ಆಗೈತಿ. ಇರು, ನಾ ಬಂದೆ.”

ಬಂದಳು. ಹಿಂದೆ ಅವಳ ಆಡೂ ಬಂತು. ಮೆಣಸಿನಕಾಯಿ, ಉಪ್ಪು, ಕಸಬರಿಗೆಯ ಕಡ್ಡಿ ಹುಡುಗನ ಸುತ್ತ ಇಳಿಸಿ ಒಲೆಗೆ ಹಾಕಿದಳು. ದೃಷ್ಟಿ ಹೋಯಿತೋ ಇಲ್ಲವೋ, ಮೆಣಸಿನಕಾಯಿಯ ಘಾಟಿಗೆ ಮೂವರ ಕಣ್ಣೂ ಕಾಣದಾಯಿತು. ಮಲಕಾಜಪ್ಪ ಕೆಮ್ಮುತ್ತ ಅಂಗಳಕ್ಕೆ ಓಡಿ ಬಂದರೆ ಎದುರಿಗೆ ಅಮೋಘಸಿದ್ದಪ್ಪ ಕಾಕಾ ನಿಂತಿದ್ದ. ಕಾಕಾ ನಿವೃತ್ತ ಪೋಸ್ಟ್‌ಮನ್. ಮಂದಿಯ ಮನೆಯ ಕಾಗದ ಮುಟ್ಟಿಸುವ ಕೆಲಸ ಮುಗಿದ ಮೇಲೆ ಮಂದಿಯ ಮನೆಗೆ ಬುದ್ಧಿ ಮುಟ್ಟಿಸುವ ಕೆಲಸ ಹಿಡಿದಿದ್ದ.

“ಇದೆಲ್ಲಾ ಅಡ್ನಾಡಿ ಉಪಾಯ,” ಎಂದ ಕಾಕಾ, ಕೆಂಚವ್ವನ ಕಡೆ ನೋಡದೆ. “ಮಕ್ಕಳು ಹಿರ್‍ಯಾರ್ನ ನೋಡಿ ಕಲೀತಾವು. ನೀ ತಿಂದು ತೋರಸು. ರುಚಿ ಹತ್ತಿದಂಗ ತಿನ್ನಬೇಕು ಮತ್ತ.”

ಇಲ್ಲಿ ಒಂದು ಗುಟ್ಟು ಹೇಳಬೇಕು. ಮೆಂತೆಪಲ್ಯವೆಂದರೆ ಮಹಾರಾಜನಿಗೂ ಆಗದು. ಮದುವೆಯಾದಾಗಿನಿಂದ ಅದನ್ನು ರೊಟ್ಟಿಯ ಮಡಿಕೆಯಲ್ಲಿ ಅಡಗಿಸಿ ಎಮ್ಮೆಗೋ ನಾಯಿಗೋ ದಾಟಿಸುತ್ತ ಬಂದಿದ್ದ, ಅನ್ನಪೂರ್ಣಾ ತಾಟು ನೋಡಿ ‘ನಮ್ಮವರು ಭಾಳ ಚೊಕ್ಕ ಉಣ್ತಾರ’ ಎಂದು ತವರಿನಲ್ಲಿ ಹೇಳಿಕೊಳ್ಳುತ್ತ ಬಂದಿದ್ದಳು. ಈಗ ಕಾಕಾ ಎದುರಿಗೆ, ಕೆಂಚವ್ವ ಪಕ್ಕಕ್ಕೆ. ಮಲಕಾಜಪ್ಪ ಕಣ್ಣು ಮುಚ್ಚಿ ಒಂದು ತುತ್ತು ನುಂಗಿದ. “ಆಹಾ!” ಎಂದ. ಆ ಆಹಾ ಹಲ್ಲು ಕೀಳಿಸಿಕೊಂಡವನ ಕೂಗಿನಂತೆ ಕೇಳಿಸಿತು.

ಅಪ್ಪುವಿಗೆ ಮಾತ್ರ ಬಹಳ ಹಿಡಿಸಿತು. ಗದ್ದಕ್ಕೆ ಕೈಕೊಟ್ಟು, ಬಯಲಾಟ ನೋಡುವವನಂತೆ ಕೂತು, “ಯಪ್ಪಾ, ಇನ್ನೊಮ್ಮೆ ತಿನ್ನು. ಮಾರಿ ಹಂಗ ಸೊಟ್ಟ ಮಾಡು,” ಎಂದ.

ಹೀಗೆ ಅಪ್ಪುವಿಗೆಂದು ತೆಗೆದಿಟ್ಟ ರೊಟ್ಟಿಯನ್ನು ಅಪ್ಪ ತಿಂದು ಮುಗಿಸಿದ. ಮಗ ಕಲಿತದ್ದು ಮುಖ ಸೊಟ್ಟ ಮಾಡುವ ಆ ಮಾರಿಯನ್ನು ಮಾತ್ರ. ಕೆಂಚವ್ವ, ಕಾಕಾ ಇಬ್ಬರೂ ತಮ್ಮ ತಮ್ಮ ಮನೆಗೆ ಹೋದರು.

“ಹೋಗಲಿ, ಮೊದಲು ರೊಟ್ಟಿ ಬೀರಿ ಬಾ, ಅಡ್ಡಾಡಿದ್ರ ಹಸಿವಿ ಆಕ್ಕೈತಿ,” ಎಂದು ಮಲಕಾಜಪ್ಪ ಮಗನ ಕೈಗೆ ತಾಟು ಕೊಟ್ಟು ಕೆಂಚವ್ವನ ಮನೆಗೆ ಕಳಿಸಿದ. ಹುಡುಗ ಬಹಳ ಹೊತ್ತಿನ ಮೇಲೆ ಖಾಲಿ ತಾಟು ತಂದ. ಕಾಕಾನ ಮನೆಗೆ ಕಳಿಸಿದ. ಅಲ್ಲಿಂದಲೂ ತಡವಾಗಿ ಖಾಲಿ ತಾಟು.

“ಅವರು ಹೊಳ್ಳಿ ರೊಟ್ಟಿ ಕೊಡ್ಲಿಲ್ಲೇನೋ?”

“ಆಮ್ಯಾಲ ಕೊಡ್ತಾರಂತ,” ಎಂದು ಅಪ್ಪು ಅಂಗಿಯ ತೋಳಿಗೆ ಬಾಯಿ ಒರೆಸಿಕೊಂಡ. ಅಂದು ಹುಡುಗ ಎಂದಿಗಿಂತ ಚುರುಕಾಗಿದ್ದಾನೆ ಎನ್ನಿಸಿ ಮಲಕಾಜಪ್ಪನಿಗೆ ಸಮಾಧಾನವಾಯಿತು. ಡಾಕ್ಟರ ಔಷಧ ಮೈಗೆ ಹತ್ತಿರಬೇಕು ಎಂದುಕೊಂಡ.

ಆದರೆ ಮನೆಯಲ್ಲಿ ತಾಟಿನ ಮುಂದೆ ಕೂಡಿಸಿದರೆ ಮತ್ತೆ ಅದೇ ಕೋಟೆ, ಅದೇ ಬಾಗಿಲು. ಬಿಸ್ಕೀಟಿನ ಡಬ್ಬಿಗೆ ಕೀಲಿ ಹಾಕಿದ. ಬೈದ. ಬೇಡಿಕೊಂಡ. ಸೈಕಲ್ಲು ಕೊಡಿಸುತ್ತೇನೆಂದ. ಮತ್ತೆ ಬಂದ ಕಾಕಾ ಹೊಸ ಹೊಸ ಉಪಾಯ ಹೇಳಿದಂತೆಲ್ಲ ಒಂದೊಂದು ರೊಟ್ಟಿ ಬುಟ್ಟಿಯಿಂದ ಇಳಿಯಿತು, ಹುಡುಗನ ಹೊಟ್ಟೆಗಲ್ಲ, ತೋರಿಸಿಕೊಡುವವನ ಹೊಟ್ಟೆಗೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಲಕಾಜಪ್ಪ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ್ದ, ಓವರ್‌ಲೋಡಾಗಿ ನಿಂತ ಮೋಟರಿನಂತೆ ಒಳಗಿನಿಂದ ಗುಂಯ್‌ಗುಡುತ್ತ. ಆಗ ಫೋನು ಬಂತು.

“ಮಾಮಾರ, ಸವದತ್ತಿ ದಾಟೇನಿ,” ಎಂದ ಬಾಳು ತನ್ನ ಅಕ್ಕನ ಗಂಡನಿಗೆ. “ಹುಡುಗ ತಿಂದ್ನ್ಯಾ?”

“ನೀ ಬಾರಪ್ಪಾ, ನಿನ್ನ ಮುಂದನ ತಿನ್ನಸ್ತೇನಿ,” ಎಂದು ಬುಟ್ಟಿಗೆ ಕೈ ಹಾಕಿದರೆ ಬುಟ್ಟಿಯ ತಳ ಕೈಗೆ ಹತ್ತಿತು. ರೊಟ್ಟಿ ಇಲ್ಲ. ಬೋಗಾಣಿಯಲ್ಲಿ ಪಲ್ಯವೂ ಇಲ್ಲ. ಅನ್ನಪೂರ್ಣಾಗೆ ಫೋನು ಹಚ್ಚಿದರೆ ಮೀಟಿಂಗಿನಲ್ಲಿ ಬಂದ್ ಆಗಿತ್ತು.

ಮಲಕಾಜಪ್ಪ ಹುಟ್ಟಿ ಬೆಳೆದ ಮೇಲೆ ಮೊದಲ ಸಲ ಹಿಟ್ಟಿನ ಡಬ್ಬಿ ತೆಗೆದ.

ಕೆಂಚವ್ವ ಗೋಡೆಯ ಮೇಲಿಂದ, “ನೀರು ಹಾಕೋ,” ಎಂದಳು. ಹಾಕಿದ. ಹಿಟ್ಟು ಗಂಜಿಯಾಯಿತು. “ಹಿಟ್ಟು ಹಾಕೋ,” ಎಂದ ಕಾಕಾ. ಹಾಕಿದ. ಕಲ್ಲಾಯಿತು. ಮೊದಲನೆಯ ರೊಟ್ಟಿ ಹಂಚಿಗೆ ಅಂಟಿ ಹಂಚನ್ನೇ ತವರು ಮಾಡಿಕೊಂಡಿತು. ಎರಡನೆಯದು ಬಡಿಯುವಾಗ ಹರಿದು ನಾಲ್ಕು ದಿಕ್ಕಿಗೆ ಹೋಯಿತು.

“ನೆಲಾ ಗುದ್ದಿದಂಗ ಗುದ್ದಬ್ಯಾಡೋ! ಕೂಸಿನ ಬೆನ್ನ ತಟ್ಟಿದಂಗ ತಟ್ಟು,” ಎಂದಳು ಕೆಂಚವ್ವ.

ಆ ಮಾತು ಮಲಕಾಜಪ್ಪನಿಗೆ ತಿಳಿಯಿತು. ಅಪ್ಪು ಚಿಕ್ಕವನಿದ್ದಾಗ ರಾತ್ರಿಯೆಲ್ಲ ತಟ್ಟಿ ಮಲಗಿಸಿದ ಕೈ ಅದು. ಮೂರನೆಯ ರೊಟ್ಟಿ ಎದ್ದಿತು. ಅದಕ್ಕೆ ಎರಡು ಕಿವಿ, ಒಂದು ಬಾಲವಿದ್ದವು. ಆದರೆ ಅಖಂಡವಾಗಿತ್ತು. ಹಿತ್ತಲಿನ ಮೆಂತೆ ಕಿತ್ತು, ಬೆಳ್ಳುಳ್ಳಿ ಜಜ್ಜಿ, ಬೇಳೆ ಹಾಕಿ ಪಲ್ಯವನ್ನೂ ಮಾಡಿದ. ತಾಟಿಗೆ ಹಾಕುವುದಕ್ಕೂ ಬಾಳುವಿನ ಮೋಟರ್‌ಸೈಕಲ್ಲು ಅಂಗಳಕ್ಕೆ ಬರುವುದಕ್ಕೂ ಸರಿಹೋಯಿತು. ಬೆನ್ನ ಹಿಂದೆಯೇ ಬಸ್ಸಿಳಿದು ಅನ್ನಪೂರ್ಣಾ ಬಂದಳು, ಕೈಯಲ್ಲಿ ಮೀಟಿಂಗಿನಲ್ಲಿ ಕೊಟ್ಟ, ನಗುವ ಗಜ್ಜರಿಯ ಚಿತ್ರವಿದ್ದ ಚೀಲ.

ಬಾಳು ನೀರು ಕುಡಿದು, ಮೀಸೆ ಒರೆಸಿಕೊಂಡು, ಕಟ್ಟೆಯ ಮೇಲೆ ನ್ಯಾಯಾಧೀಶನಂತೆ ಕೂತ. “ನಡೀಲಿ ಮಾಮಾರ.”

ಅಪ್ಪು ಅಂಗಳದ ನಡುವೆ, ತಾಟು ಅವನ ಮುಂದೆ. ಬಾಳು ಅವನ ಬಾಯಿ ನೋಡಿದ. ಅನ್ನಪೂರ್ಣಾ ಬಾಯಿ ನೋಡಿದಳು. ಕೆಂಚವ್ವ ಗೋಡೆ ಬಿಟ್ಟು ಬಂದು ಬಾಯಿ ನೋಡಿದಳು. ಕಾಕಾ ಚಾಳೀಸು ಸರಿಮಾಡಿಕೊಂಡು ನೋಡಿದ. ಮಲಕಾಜಪ್ಪನಂತೂ ತನ್ನ ಬಾಯನ್ನೂ ತೆರೆದುಕೊಂಡು ನೋಡಿದ.

ಬಾಯಿ ತೆರೆಯಲಿಲ್ಲ.

“ಅಕ್ಕಾ, ಹುಡುಗನ ಅರಿವಿ ಕಟ್ಟು,” ಎಂದ ಬಾಳು ನಿಟ್ಟುಸಿರು ಬಿಟ್ಟು.

“ಏ, ಇರೋ ತಮ್ಮಾ!” ಕೆಂಚವ್ವನಿಗೆ ತಡೆಯಲಾಗಲಿಲ್ಲ. “ಈ ಹುಡುಗ ತಿನ್ನಂಗಿಲ್ಲಂತ ಯಾರ ಹೇಳಿದವ್ರು? ಮುಂಜಾನೆ ನಮ್ಮನ್ಯಾಗ ತಿಂದಾನಲ್ಲ! ರೊಟ್ಟಿ ತಂದ. ನಂದಿನ್ನೂ ಬಡದು ಮುಗಿದಿರಲಿಲ್ಲ, ಹೊಳ್ಳಿ ಕೊಡಾಕ ಏನೂ ಇರಲಿಲ್ಲ. ತಂದದ್ದರಾಗನ ಒಂದೀಟು ತಿನ್ನೋ ಕೂಸ ಅಂದು ಒಲಿ ಕಡೆ ತಿರುಗಿದೆ. ಹೊಳ್ಳಿ ನೋಡೂದ್ರಾಗ ತಾಟು ನೆಕ್ಕಿ ಇಟ್ಟಿದ್ದ!”

“ಅರೇ, ನಮ್ಮ ಮನ್ಯಾಗೂ ಹಂಗ,” ಎಂದ ಕಾಕಾ ಬೆರಗಿನಿಂದ. “ನಾ ಪೇಪರ್ ಓದಾಕ ಹತ್ತಿದ್ದೆ. ಕುಂತು ತಿನ್ನು ಅಂದೆ. ಪೇಪರ್ ಮಡಚೂದ್ರಾಗ ತಾಟು ಖಾಲಿ. ನಾ ಏನೋ ನಮ್ಮಾಕಿ ಎತ್ತಿಟ್ಟಾಳಂತ ತಿಳಿದಿದ್ದೆ.”

ಅನ್ನಪೂರ್ಣಾ ಚೀಲ ಕೆಳಗಿಟ್ಟಳು. ಅವರಿಬ್ಬರ ಮನೆಯಲ್ಲಿ ಮಗ ತಿಂದದ್ದು ತನ್ನದೇ ರೊಟ್ಟಿ, ತನ್ನದೇ ಮೆಂತೆಪಲ್ಯ.

“ಹಂಗಾದ್ರ ಮನ್ಯಾಗ ತಿನ್ನಾಕ ಯಾಕ ವಲ್ಲಿ ಅಪ್ಪೂ?” ಎಂದಳು ಮೆಲ್ಲಗೆ.

ಅಪ್ಪು ಕಾಲಬೆರಳಿನಿಂದ ನೆಲ ಕೆದರಿದ. “ಮನ್ಯಾಗ ನಾ ತಿನ್ನೂಮುಂದ ಎಲ್ಲಾರೂ ನನ್ನ ಬಾಯಿ ನೋಡ್ತೀರಿ. ಅಗದ್ರ ‘ಅಗದಾ’ ಅಂತೀರಿ, ನುಂಗಿದ್ರ ‘ನುಂಗಿದಾ’ ಅಂತೀರಿ. ಗಂಟಲಾ ಬಂದ್ ಆಕ್ಕೈತಿ.”

ಎಲ್ಲರಿಗಿಂತ ಮೊದಲು ಎಚ್ಚರಾದವನು ಮಲಕಾಜಪ್ಪ. ಗೆಲುವು ಅವನ ಕೈಯಳತೆಯಲ್ಲಿತ್ತು.

“ಎಲ್ಲಾರೂ ಗ್ವಾಡಿ ಕಡೆ ತಿರುಗ್ರಿ!” ಎಂದು ಕೂಗಿದ. “ಬಾಳು, ನೀನೂ. ಕಾಕಾ, ತಿರುಗ್ರಿ. ಒಬ್ರೂ ಹೊಳ್ಳಿ ನೋಡಬಾರ್ದು.”

ಹೋಮ್‌ವರ್ಕ್ ಮಾಡದ ಹುಡುಗರಂತೆ ಐವರು ಹಿರಿಯರು ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತರು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಯಾರೋ “ಕರೆಂಟ್ ಹಿಡದೈತೇನ್ರೀ?” ಎಂದು ಕೇಳಿದರು. ಹಿಂದೆ ತಾಟು ಸರಿದ ಸಪ್ಪಳವಾಯಿತು. ರೊಟ್ಟಿ ಮುರಿದ ಸಪ್ಪಳ. ಆಮೇಲೆ ಅಗಿಯುವ ಸಪ್ಪಳ. ಮಲಕಾಜಪ್ಪನಿಗೆ ಆ ಸಪ್ಪಳ ಬಾಜಾಭಜಂತ್ರಿಗಿಂತ ಇಂಪಾಗಿ ಕೇಳಿಸಿತು. ಅನ್ನಪೂರ್ಣಾ ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡಳು.

“ತಿರುಗ್ಲೇನೋ?” ಎಂದಳು ಕೆಂಚವ್ವ, ಕುತ್ತಿಗೆ ನೋಯುತ್ತಿತ್ತು.

“ಇನ್ನೊಂದೀಟು ತಡೀರಿ.”

ಸಪ್ಪಳ ನಿಂತಿತು. ತಿರುಗಿದರು. ತಾಟು ತೊಳೆದಿಟ್ಟಷ್ಟು ಸ್ವಚ್ಛ. ತಾಟಿನ ಒಂದು ಕಡೆ ಅಪ್ಪು, ಬಾಯಿ ಮುಚ್ಚಿಕೊಂಡು. ಇನ್ನೊಂದು ಕಡೆ ಹಗ್ಗ ಹರಿದುಕೊಂಡು ಬಂದ ಕೆಂಚವ್ವನ ಆಡು, ಬಾಯಿ ಆಡಿಸುತ್ತ.

“ತಿಂದಾ! ನೋಡಿದ್ರಿಲ್ಲ, ತಿಂದಾ!” ಮಲಕಾಜಪ್ಪ ಕುಣಿದ.

“ಯಾರು ನೋಡಿದ್ರು?” ಎಂದ ಬಾಳು.

ಮಲಕಾಜಪ್ಪನ ಕುಣಿತ ಅರ್ಧಕ್ಕೆ ನಿಂತಿತು.

“ತಪ್ಪು ತಿಳಕೋಬ್ಯಾಡ್ರಿ ಮಾಮಾರ. ಅವ್ವ ಕಣ್ಣಾರೆ ನೋಡಂದಾಳ. ನನ್ನ ಕಣ್ಣು ಗ್ವಾಡಿ ನೋಡ್ಯಾವು. ಹುಡುಗ ತಿಂದ್ನೋ, ಆಡು ತಿಂತೋ, ನಾ ಅವ್ವಗ ಏನಂತ ಹೇಳಲಿ?”

“ಮಾತಿನ್ಯಾಗ ನ್ಯಾಯ ಐತಿ,” ಎಂದ ಕಾಕಾ. ಬೆಳಗಿನಿಂದ ಮಲಕಾಜಪ್ಪನ ಮನೆಯ ಚಹಾ ಕುಡಿದದ್ದೆಲ್ಲ ಮರೆತು.

“ನಮ್ಮ ಆಡು ಕಳ್ಳ ಅಲ್ಲಪಾ!” ಕೆಂಚವ್ವ ಸಿಟ್ಟಾದಳು. ಆಮೇಲೆ ದನಿ ತಗ್ಗಿಸಿ, “ಆದ್ರ ಮೆಂತೆ ಕಂಡ್ರ ಬಿಡಂಗಿಲ್ಲ ನೋಡ ಅದು,” ಎಂದಳು.

“ಅಪ್ಪೂ, ನೀ ತಿಂದ್ಯೋ ಇಲ್ಲೋ? ಬಾಯಿ ತಗೀ, ನೋಡೂಣು,” ಎಂದು ಬಾಳು ಬಗ್ಗಿದ. ಅನ್ನಪೂರ್ಣಾ ಬಗ್ಗಿದಳು, ಕೆಂಚವ್ವ ಬಗ್ಗಿದಳು, ಕಾಕಾ ಬಗ್ಗಿದ. ಎಲ್ಲರ ಕಣ್ಣೂ ಆ ಪುಟ್ಟ ಬಾಯಿಯ ಮೇಲೆ. ಬಾಯಿ ಇನ್ನಷ್ಟು ಬಿಗಿಯಿತು. ಆಡು ಮಾತ್ರ ಎಲ್ಲರೆದುರು ಯಾವ ನಾಚಿಕೆಯೂ ಇಲ್ಲದೆ ಅಗಿಯಿತು, ನುಂಗಿತು, ಮತ್ತೆ ಅಗಿಯಿತು.

ಮಲಕಾಜಪ್ಪ ಮಗನನ್ನು ನೋಡಿದ, ಆಡನ್ನು ನೋಡಿದ. ನಿಜ ಹೇಳಬೇಕೆಂದರೆ ಅವನಿಗೂ ಆಡಿನ ಮೇಲೆಯೇ ಗುಮಾನಿ. ಆಡಿದ ಮಾತು ಆಡಿದ ಮಾತೇ. ತಾನೇ ಒಳಗೆ ಹೋಗಿ ಮಗನ ಅಂಗಿ ಚಡ್ಡಿ ಮಡಚಿದ, ಪಾಟಿಚೀಲ ತಂದು ಗಾಡಿಗೆ ನೇತುಹಾಕಿದ. ಅನ್ನಪೂರ್ಣಾ ಹಿಂದೆ ಕೂತಳು. ಅವನ ಮುಖ ನೋಡಲು ಅವಳಿಗೂ ಆಗಲಿಲ್ಲ.

“ಗಣಪತಿ ಹಬ್ಬಕ್ಕ ಬಂದು ನೋಡ್ರಿ ಮಾಮಾರ, ಹುಡುಗ ಹೋರಿ ಆಗಿರ್ತಾನ,” ಎಂದು ಬಾಳು ಗಾಡಿ ಚಾಲೂ ಮಾಡಿದ.

ಮಲಕಾಜಪ್ಪ ಅಪ್ಪುವನ್ನು ಎತ್ತಿ ಮುಂದೆ ಪೆಟ್ರೋಲ್ ಟಾಕಿಯ ಮೇಲೆ ಕೂಡಿಸಿದ. ಕೈ ಬಿಡಲು ಹೋದರೆ ಹುಡುಗ ಕೊರಳಿಗೆ ಜೋತುಬಿದ್ದು, ಯಾರಿಗೂ ಕಾಣದಂತೆ ಬಾಯನ್ನು ತಂದೆಯ ಕಿವಿಯ ಹತ್ತಿರ ತಂದ. ಬಿಸಿ ಉಸಿರು, ಅದರಲ್ಲಿ ಬೆಳ್ಳುಳ್ಳಿಯ ವಾಸನೆ, ಮೆಂತೆಯ ವಾಸನೆ.

“ಯಪ್ಪಾ,” ಎಂದ ಅಪ್ಪು ಪಿಸುದನಿಯಲ್ಲಿ, “ರೊಟ್ಟಿ ಛಲೋ ಆಗಿತ್ತು. ಪಲ್ಯಕ್ಕ ಉಪ್ಪು ಕಡಿಮಿ ಬಿದ್ದಿತ್ತು.”

ಬಾಳು ಗೇರು ಹಾಕಿದ. ಗಾಡಿ ಓಣಿಯ ತಿರುವು ದಾಟಿ ಮನೋಳಿಯ ದಾರಿ ಹಿಡಿಯಿತು.